ಒಂದೇ ಸಂಚಿಕೆಯ ಪತ್ರಿಕೆ: ಮಾರ್ಮನ್ ಇತಿಹಾಸದ ದಿಕ್ಕು ತಿರುಗಿಸಿದ ನೌವೂ ಪ್ರಕರಣ

1844ರ ಜೂನ್ 10, ಸೋಮವಾರ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ನೌವೂ ಪಟ್ಟಣ. ರಾತ್ರಿ ಸುಮಾರು ಎಂಟು ಗಂಟೆಗೆ ನಗರದ ಮಾರ್ಷಲ್ ಜಾನ್ ಪಿ. ಗ್ರೀನ್ ತಮ್ಮ ಜನರೊಂದಿಗೆ ಮಲ್‌ಹಾಲೆಂಡ್ ರಸ್ತೆಯ ಅಚ್ಚುಕೂಟಕ್ಕೆ ನುಗ್ಗಿದರು. ಮುದ್ರಣ ಯಂತ್ರವನ್ನು ಬೀದಿಗೆ ಎಳೆದು ಒಡೆದರು. ಅಚ್ಚಿನ ಮೊಳೆಗಳನ್ನು ಚೆಲ್ಲಾಪಿಲ್ಲಿ ಮಾಡಿದರು. ಕೈಗೆ ಸಿಕ್ಕ ಪ್ರತಿಗಳನ್ನು ಸುಟ್ಟರು. ಆಮೇಲೆ ಗ್ರೀನ್ ಆದೇಶಪತ್ರದ ಮೇಲೆ ವರದಿ ಬರೆದುಕೊಟ್ಟರು: ಯಂತ್ರವನ್ನು ನಾಶ ಮಾಡಲಾಗಿದೆ, ಮೊಳೆಗಳನ್ನು ಕಲಸಿ ಚೆಲ್ಲಲಾಗಿದೆ, ಸಮಯ ರಾತ್ರಿ ಸುಮಾರು ಎಂಟು.

ಹಾಳಾದ ಪತ್ರಿಕೆಯ ಹೆಸರು 'ನೌವೂ ಎಕ್ಸ್‌ಪಾಸಿಟರ್'. ಅದು ಹುಟ್ಟಿ ಮೂರೇ ದಿನವಾಗಿತ್ತು. ಹೊರಬಂದದ್ದು ನಾಲ್ಕು ಪುಟಗಳ ಒಂದೇ ಒಂದು ಸಂಚಿಕೆ. ಪ್ರೆಸ್ ಒಡೆಯಲು ಆದೇಶ ಕೊಟ್ಟವರು ಊರಿನ ಮೇಯರ್ ಜೋಸೆಫ್ ಸ್ಮಿತ್. ಮಾರ್ಮನ್ ಧರ್ಮದ ಸ್ಥಾಪಕರೂ ಅವರೇ. ಹದಿನೇಳು ದಿನ ಕಳೆಯುವಷ್ಟರಲ್ಲಿ ಅವರ ಕೊಲೆಯಾಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಕೊಲೆಯ ಪೀಠಿಕೆಯಾಗಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ. ಭಿನ್ನಮತದವರು ಒಂದು ಧರ್ಮದ ಇತಿಹಾಸವನ್ನು ಹೇಗೆ ಬದಲಿಸುತ್ತಾರೆ ಎಂದು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರ ಸಿಟ್ಟಿಗಿಂತ, ವಾದಕ್ಕಿಂತ, ಅವರು ಕಣ್ಣಾರೆ ಕಂಡದ್ದನ್ನು ಬರೆದಿಟ್ಟ ಕೆಲವೇ ಸಾಲುಗಳು ಹೆಚ್ಚು ಕಾಲ ಬಾಳಿದವು.

ಊರು ಮತ್ತು ಅದರ ಯಜಮಾನ

ಮಾರ್ಮನ್ನರ ಬಗ್ಗೆ ನಮ್ಮಲ್ಲಿ ತಿಳಿದವರು ಕಡಿಮೆ. ಅವರ ಸಭೆಯ, ಅಂದರೆ ಚರ್ಚಿನ, ಪೂರ್ತಿ ಹೆಸರು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಭಾರತದಲ್ಲೂ ಅವರಿದ್ದಾರೆ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿದರು. ಸಭೆ ಶುರುವಾದದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ದೇವದೂತ ತೋರಿಸಿದ ಚಿನ್ನದ ಫಲಕಗಳಿಂದ 'ಬುಕ್ ಆಫ್ ಮಾರ್ಮನ್' ಗ್ರಂಥವನ್ನು ಅನುವಾದಿಸಿದೆ ಎಂದು ಜೋಸೆಫ್ ಸ್ಮಿತ್ ಹೇಳಿದರು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ.

ಮಾರ್ಮನ್ನರು ಹೋದಲ್ಲೆಲ್ಲ ಅಕ್ಕಪಕ್ಕದವರ ಜತೆ ಜಗಳವಾಯಿತು. ಮಿಸೌರಿ ರಾಜ್ಯದಲ್ಲಿ ಅವರು ಪಟ್ಟ ಪಾಡು ದೊಡ್ಡದು. 1838ರಲ್ಲಿ ಅಲ್ಲಿನ ಗವರ್ನರ್, ಮಾರ್ಮನ್ನರನ್ನು ರಾಜ್ಯದಿಂದ ಓಡಿಸಬೇಕು ಇಲ್ಲವೇ ಮುಗಿಸಬೇಕು ಎಂದು ಲಿಖಿತ ಆದೇಶವನ್ನೇ ಹೊರಡಿಸಿದರು. ಹಾನ್ಸ್ ಮಿಲ್ ಎಂಬಲ್ಲಿ ಹದಿನೇಳು ಜನರನ್ನು ಕೊಂದರು. ಉಳಿದವರು ಚಳಿಯಲ್ಲಿ ನಡೆದು ಇಲಿನಾಯ್‌ಗೆ ಬಂದು, ನದಿ ಪಕ್ಕದ ಜೌಗು ನೆಲವನ್ನು ಹಸನು ಮಾಡಿ ನೌವೂ ಕಟ್ಟಿದರು. ಮುಂದಿನದ್ದು ಅರ್ಥವಾಗಬೇಕಾದರೆ ಈ ನೋವನ್ನು ಮರೆಯಬಾರದು. ಪ್ರೆಸ್ ಒಡೆದವರು ಹಿಂದೆ ಸುಮ್ನೆ ಏಟು ತಿಂದವರು.

ಇಲಿನಾಯ್ ಸರ್ಕಾರ ಹೊಸ ಊರಿಗೆ ಧಾರಾಳವಾದ ಸನ್ನದು ಕೊಟ್ಟಿತು. ಊರಿಗೆ ತನ್ನದೇ ನಗರಸಭೆ, ತನ್ನದೇ ಕೋರ್ಟು, 'ನೌವೂ ಲೀಜನ್' ಎಂಬ ತನ್ನದೇ ಸೈನ್ಯ. 1844ರ ಹೊತ್ತಿಗೆ ಜನಸಂಖ್ಯೆ ಸುಮಾರು 12 ಸಾವಿರ ಮುಟ್ಟಿತ್ತು. ಸ್ಮಿತ್ ಅವರು ಸಭೆಯ ಪ್ರವಾದಿ, ನಗರದ ಮೇಯರ್, ನಗರ ಕೋರ್ಟಿನ ಮುಖ್ಯ ನ್ಯಾಯಾಧೀಶ, ಸೈನ್ಯದ ಲೆಫ್ಟಿನೆಂಟ್ ಜನರಲ್, ಸಭೆಯ ಆಸ್ತಿಗೆ ಧರ್ಮದರ್ಶಿ. ಸಾಲದ್ದಕ್ಕೆ ಆ ವರ್ಷ ಅಮೆರಿಕದ ಅಧ್ಯಕ್ಷ ಚುನಾವಣೆಗೂ ನಿಂತಿದ್ದರು. ಇಷ್ಟೂ ಅಧಿಕಾರ ಒಬ್ಬರ ಕೈಯಲ್ಲಿದ್ದಾಗ, ತಪ್ಪಾಗಿದೆ ಅನ್ನಿಸಿದವರು ದೂರು ಕೊಡುವುದು ಯಾರ ಹತ್ತಿರ? ಭಿನ್ನಮತದವರು ಕೇಳಿದ್ದೂ ಇದನ್ನೇ.

ವಿಲಿಯಂ ಲಾ

ಟೀಕಾಕಾರರು ಎಂದ ಕೂಡಲೇ ಹೊರಗಿನಿಂದ ಕಲ್ಲು ಹೊಡೆಯುವವರು ಎಂದುಕೊಳ್ಳುತ್ತೇವೆ. ವಿಲಿಯಂ ಲಾ ಅಂಥವರಲ್ಲ. ಹುಟ್ಟಿದ್ದು ಐರ್ಲೆಂಡಿನಲ್ಲಿ. ಕೆನಡಾದಲ್ಲಿದ್ದಾಗ 1836ರಲ್ಲಿ ಮಾರ್ಮನ್ ಆದರು. ಹಣವಂತ ವ್ಯಾಪಾರಿ. ಅಣ್ಣ-ತಮ್ಮ ಸೇರಿ ನೌವೂವಿನಲ್ಲಿ ಅಂಗಡಿ ಇಟ್ಟರು, ಉಗಿಯಂತ್ರದ ಗಿರಣಿ ನಡೆಸಿದರು. 1841ರ ಜನವರಿಯಲ್ಲಿ ಸ್ಮಿತ್ ಒಂದು ದೈವವಾಣಿ ಹೇಳಿ, ಲಾ ಅವರನ್ನು ತಮ್ಮ ಇಬ್ಬರು ಸಲಹೆಗಾರರಲ್ಲಿ ಒಬ್ಬರನ್ನಾಗಿ ನೇಮಿಸಿದರು. ಅಂದರೆ ಇಡೀ ಸಭೆಯಲ್ಲಿ ಮೊದಲ ಮೂವರಲ್ಲಿ ಒಬ್ಬರು.

1842ರಲ್ಲಿ ಊರಿನ ಮೊದಲ ಮೇಯರ್ ಜಾನ್ ಸಿ. ಬೆನೆಟ್ ಜಗಳವಾಡಿ ಹೊರಬಿದ್ದು, ಸ್ಮಿತ್ ಗುಟ್ಟಾಗಿ ಹಲವು ಹೆಂಗಸರನ್ನು ಮದುವೆಯಾಗುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಬರೆದರು. ಬೆನೆಟ್ ಬರಹದಲ್ಲಿ ನಿಜಕ್ಕಿಂತ ಮಸಾಲೆ ಜಾಸ್ತಿ. ಆಗ ಸ್ಮಿತ್ ಪರವಾಗಿ ಲಿಖಿತ ಹೇಳಿಕೆ ಕೊಟ್ಟವರಲ್ಲಿ ವಿಲಿಯಂ ಲಾ ಕೂಡ ಇದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಮನಸಾರೆ ನಂಬಿದ್ದರು.

ಒಂದು ವರ್ಷದ ಮೇಲೆ ಗೊತ್ತಾಯಿತು. 1843ರ ಜುಲೈ 12ರಂದು ಸ್ಮಿತ್ ಬಹುಪತ್ನಿತ್ವದ ದೈವವಾಣಿಯನ್ನು ಹೇಳಿ ಬರೆಸಿದರು. ಬರೆದುಕೊಂಡವರು ಅವರ ಗುಮಾಸ್ತ ವಿಲಿಯಂ ಕ್ಲೇಟನ್. ಜೋಸೆಫ್ ಅವರ ಅಣ್ಣ ಹೈರಮ್ ಸ್ಮಿತ್ ಅದನ್ನು ನಂಬಿಕಸ್ಥರಿಗೆ ತೋರಿಸತೊಡಗಿದರು. ಲಾ ಅವರಿಗೂ ಓದಿ ಹೇಳಿದರು, ಆಮೇಲೆ ಕಾಗದವನ್ನೇ ಕೈಗೆ ಕೊಟ್ಟರು. ಲಾ ಮನೆಗೆ ಒಯ್ದು ಹೆಂಡತಿ ಜೇನ್‌ಗೆ ತೋರಿಸಿದರು. ಮರುದಿನ ವಾಪಸ್ ಕೊಟ್ಟರು.

ಆ ಒಂದು ರಾತ್ರಿ ಆ ಕಾಗದ ಲಾ ಮನೆಯಲ್ಲಿ ಇದ್ದದ್ದು ಮುಂದಿನ ಎಲ್ಲಕ್ಕೂ ಕಾರಣ.

ಬಿರುಕು ಬರೀ ಮದುವೆಯ ವಿಷಯದಲ್ಲಿ ಆಯಿತು ಎಂದರೆ ಅರ್ಧ ಸತ್ಯ. ದುಡ್ಡಿನ ಜಗಳವೂ ಇತ್ತು. ಲಾ ಸೋದರರು ಮತ್ತು ಡಾಕ್ಟರ್ ರಾಬರ್ಟ್ ಫಾಸ್ಟರ್ ಗುಡ್ಡದ ಮೇಲಿನ ಬಡಾವಣೆಯಲ್ಲಿ ಮನೆ ಕಟ್ಟಿಸಿ ಮಾರುತ್ತಿದ್ದರು. ಸಭೆ ಮಾರುತ್ತಿದ್ದ ಸೈಟುಗಳು ಕೆಳಗಿನ ಬಯಲಿನಲ್ಲಿದ್ದವು. ಕೂಲಿಯಾಳುಗಳಿಗೆ, ಮರಮುಟ್ಟಿಗೆ ಎರಡೂ ಕಡೆ ಪೈಪೋಟಿ. ಜತೆಗೆ ರಾಜಕೀಯ: ಸಭೆಯವರೆಲ್ಲ ಗುಂಪಾಗಿ ಒಬ್ಬನಿಗೇ ಮತ ಹಾಕುವುದು ಲಾ ಅವರಿಗೆ ಹಿಡಿಸಲಿಲ್ಲ. ಇದರಿಂದ ಅವರ ಮಾತು ಸುಳ್ಳಾಗುವುದಿಲ್ಲ. ಆದರೆ ಅವರನ್ನು ಬರೀ ಸತ್ಯಸಂಧರಂತೆ ಚಿತ್ರಿಸಿದರೂ ಪ್ರಕರಣ ಅರ್ಥವಾಗುವುದಿಲ್ಲ.

1844ರ ಜನವರಿಯಲ್ಲಿ ಲಾ ಅವರನ್ನು ಹುದ್ದೆಯಿಂದ ಇಳಿಸಿದರು. ಏಪ್ರಿಲ್ 18ರಂದು ಲಾ, ಜೇನ್, ಸೋದರ ವಿಲ್ಸನ್ ಲಾ ಮತ್ತು ಫಾಸ್ಟರ್ ಅವರನ್ನು, ಅವರು ಹಾಜರಿಲ್ಲದಾಗಲೇ, ಸಭೆಯಿಂದ ಹೊರಹಾಕಿದರು. ಅವರು ಸುಧಾರಿತ ಸಭೆಯೊಂದನ್ನು ಕಟ್ಟಿಕೊಂಡರು. ಇಲ್ಲೊಂದು ಸೂಕ್ಷ್ಮ ಇದೆ. ಅವರು ಮಾರ್ಮನ್ ಧರ್ಮವನ್ನು ಬಿಡಲಿಲ್ಲ. ಸ್ಮಿತ್ ಮೊದಲು ಕಲಿಸಿದ್ದು ಸರಿ, ಈಗ ಅವರು ದಾರಿ ತಪ್ಪಿದ್ದಾರೆ ಎನ್ನುವುದು ಅವರ ನಿಲುವು. ಒಳಗಿನವರೇ ಹೀಗೆ ಹೇಳಿದಾಗ ತಟ್ಟುವಷ್ಟು ಹೊರಗಿನವರ ಮಾತು ತಟ್ಟುವುದಿಲ್ಲ, ಅಲ್ವಾ?

ಜೂನ್ 7ರ ಸಂಚಿಕೆ

ಮೇ 10ಕ್ಕೆ ಪತ್ರಿಕೆಯ ಪ್ರಕಟಣೆ ಹೊರಬಿತ್ತು. ನೌವೂ ಸನ್ನದನ್ನು ಯಾವ ಷರತ್ತೂ ಇಲ್ಲದೆ ರದ್ದು ಮಾಡಬೇಕು ಎನ್ನುವುದು ಅದರ ಬೇಡಿಕೆಗಳಲ್ಲಿ ಒಂದು. ಪ್ರಕಾಶಕರು ಏಳು ಜನ: ಇಬ್ಬರು ಲಾ, ಇಬ್ಬರು ಫಾಸ್ಟರ್, ಇಬ್ಬರು ಹಿಗ್ಬಿ, ಮತ್ತು ಚಾರ್ಲ್ಸ್ ಐವಿನ್ಸ್. ಸಂಪಾದಕ ಸಿಲ್ವೆಸ್ಟರ್ ಎಮ್ಮನ್ಸ್ ಮಾರ್ಮನ್ ಅಲ್ಲ, ಆದರೆ ನಗರಸಭೆಯ ಸದಸ್ಯ. ಜೂನ್ 7ರ ಶುಕ್ರವಾರ ಸುಮಾರು ಒಂದು ಸಾವಿರ ಪ್ರತಿ ಅಚ್ಚಾಯಿತು. ಸತ್ಯ, ಪೂರ್ತಿ ಸತ್ಯ, ಸತ್ಯವಲ್ಲದೆ ಬೇರೇನಿಲ್ಲ ಎಂಬುದು ಪತ್ರಿಕೆಯ ಧ್ಯೇಯವಾಕ್ಯ.

ಸಂಚಿಕೆಯ ಪೀಠಿಕೆ ಬಲು ಉದ್ದ, ಬಲು ಆವೇಶದ್ದು. ಇಂಗ್ಲೆಂಡಿನಿಂದ ಬಂದ ಮುಗ್ಧ ಹೆಣ್ಣೊಬ್ಬಳನ್ನು ಮರುಳು ಮಾಡುವ ಕಥೆ ಅಲ್ಲಿದೆ. ಹೆಸರಿಲ್ಲ, ದಿನಾಂಕವಿಲ್ಲ, ಓದುಗರ ಕಣ್ಣಲ್ಲಿ ನೀರು ತರಿಸುವಂತೆ ಬರೆದದ್ದು. ಅದನ್ನು ಸಾಕ್ಷಿ ಎಂದು ನಾನು ಎಣಿಸುವುದಿಲ್ಲ. ಆಮೇಲೆ ಹದಿನೈದು ನಿರ್ಣಯಗಳು ಬರುತ್ತವೆ. ಒಬ್ಬನೇ ದೇವರಲ್ಲ, ಹಲವು ದೇವರಿದ್ದಾರೆ ಎಂಬ ಹೊಸ ಬೋಧನೆ ತಪ್ಪು. ಧರ್ಮವನ್ನೂ ಸರ್ಕಾರವನ್ನೂ ಬೆರೆಸುವುದು ತಪ್ಪು. ಸಭೆಗೆ ಯಾವ ಮನುಷ್ಯನನ್ನೂ ರಾಜನೆಂದು ಒಪ್ಪುವುದಿಲ್ಲ, ಕ್ರಿಸ್ತನೊಬ್ಬನೇ ರಾಜ.

ಪತ್ರಿಕೆಯ ಜೀವ ಇರುವುದು ಮೂರು ಚಿಕ್ಕ ಪ್ರಮಾಣಪತ್ರಗಳಲ್ಲಿ. ಒಂದೊಂದೂ ಕೆಲವೇ ಸಾಲು.

ಮೊದಲನೆಯದು ವಿಲಿಯಂ ಲಾ ಅವರದು. ಹೈರಮ್ ತಮ್ಮ ಕಚೇರಿಯಲ್ಲಿ ಒಂದು ಕಾಗದ ಓದಿದರು, ದೈವವಾಣಿ ಅಂದರು, ಅದು ಬಂದಾಗ ಜೋಸೆಫ್ ಜತೆ ತಾನಿದ್ದೆ ಅಂದರು. ನಾನು ಮನೆಗೆ ಒಯ್ದು ಓದಿದೆ, ಹೆಂಡತಿಗೆ ತೋರಿಸಿದೆ, ಮರುದಿನ ಹಿಂದಿರುಗಿಸಿದೆ. ಕೆಲವರು ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಹೆಂಡಿರನ್ನು ಹೊಂದಲು ಅದು ಅನುಮತಿ ಕೊಡುತ್ತದೆ. ಇಷ್ಟೇ.

ಎರಡನೆಯದು ಜೇನ್ ಲಾ ಅವರದು. ಕೆಲವರಿಗೆ ಹತ್ತು ಹೆಂಡಿರ ತನಕ ಅನುಮತಿ ಇದೆ, ಗಂಡನಿಗೆ ಇನ್ನೊಂದು ಮದುವೆ ಬೇಡವೆನ್ನುವ ಹೆಂಡತಿ ದೇವರ ಎದುರು ದೋಷಿಯಾಗುತ್ತಾಳೆ ಎಂದಿದೆ ಎಂದು ಅವರು ಬರೆದರು.

ಮೂರನೆಯದು ಆಸ್ಟಿನ್ ಕೌಲ್ಸ್ ಅವರದು. ಸಭೆಯ ಉನ್ನತ ಮಂಡಳಿಯಲ್ಲಿ ಕೂತಿದ್ದವರು. 1843ರ ಬೇಸಿಗೆಯ ಕೊನೆಯಲ್ಲಿ ಹೈರಮ್ ಈ ದೈವವಾಣಿಯನ್ನು ಮಂಡಳಿಯ ಮುಂದೆ ತಂದರು. ನಿರಪರಾಧಿಯ ರಕ್ತ ಚೆಲ್ಲುವ ಪಾಪ ಒಂದನ್ನು ಬಿಟ್ಟು ಬೇರೆಲ್ಲ ಪಾಪಗಳಿದ್ದರೂ ನಿತ್ಯಜೀವ ಖಚಿತ ಎನ್ನುವ ಬೋಧನೆ ಅದರಲ್ಲಿತ್ತು. ಬೈಬಲ್ಲಿನ ರಾಜರಾದ ದಾವೀದ, ಸೊಲೊಮೋನರಿಗೆ ಬಹಳ ಹೆಂಡಿರಿದ್ದರು, ಊರೀಯನ (ದಾವೀದ ಅವನ ಹೆಂಡತಿಗಾಗಿ ಅವನನ್ನು ಕೊಲ್ಲಿಸಿದ್ದ) ವಿಷಯ ಒಂದನ್ನು ಬಿಟ್ಟರೆ ಅದರಲ್ಲಿ ಅವರು ಪಾಪ ಮಾಡಲಿಲ್ಲ ಎಂದೂ ಇತ್ತು.

ಈಗ ಇದೇ ಮೂರನ್ನು ಸಭೆ ಇಂದು ಅಚ್ಚು ಹಾಕುವ, ದೈವವಾಣಿಗಳ ಸಂಗ್ರಹವಾದ 'ಡಾಕ್ಟ್ರಿನ್ ಅಂಡ್ ಕವೆನಂಟ್ಸ್' ಗ್ರಂಥದ 132ನೇ ಅಧ್ಯಾಯದ ಪಕ್ಕ ಇಟ್ಟು ನೋಡಿ. 62ನೇ ವಚನದಲ್ಲಿ ಹತ್ತು ಕನ್ಯೆಯರ ಮಾತು. 64ರಲ್ಲಿ ಒಪ್ಪದ ಹೆಂಡತಿಗೆ ಎಚ್ಚರಿಕೆ. 26ರಲ್ಲಿ ನಿರಪರಾಧಿಯ ರಕ್ತ. 38, 39ರಲ್ಲಿ ದಾವೀದ, ಸೊಲೊಮೋನ, ಊರೀಯ. ನೆನಪಿನಿಂದ ಬರೆದದ್ದು ಇಷ್ಟು ಕರಾರುವಾಕ್ಕಾಗಿ ಹೊಂದುವುದು ಅಪರೂಪ. ಲಾ ದಂಪತಿಗೆ ಸ್ಮಿತ್ ಮೇಲೆ ಎಷ್ಟೇ ಸಿಟ್ಟಿದ್ದರೂ ಈ ಸಾಲುಗಳಲ್ಲಿ ಅವರು ಏನನ್ನೂ ಸೇರಿಸಲಿಲ್ಲ.

ನಗರಸಭೆಯ ಎರಡು ದಿನ

ಶನಿವಾರ ಮತ್ತು ಸೋಮವಾರ ನಗರಸಭೆ ಕೂತಿತು. ಸಂಪಾದಕ ಎಮ್ಮನ್ಸ್ ಅವರನ್ನು ಮೊದಲೇ ಸದಸ್ಯತ್ವದಿಂದ ಅಮಾನತು ಮಾಡಿದರು. ಪತ್ರಿಕೆಯವರ ನಡತೆಯ ಬಗ್ಗೆ ಗಂಟೆಗಟ್ಟಲೆ ಮಾತು ನಡೆಯಿತು. ಪತ್ರಿಕೆ ಹೇಳಿದ್ದು ನಿಜವೋ ಸುಳ್ಳೋ ಎನ್ನುವ ಪ್ರಶ್ನೆಗೆ ಉತ್ತರ ಮಾತ್ರ ಓರೆಯಾಗಿ ಬಂತು. ಆ ದೈವವಾಣಿ ಹಿಂದಿನ ಕಾಲದ ಸಂಗತಿಗಳ ಬಗ್ಗೆ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ, ಈಗಿನ ಕಾಲಕ್ಕೆ ಅದಕ್ಕೆ ಸಂಬಂಧವಿಲ್ಲ ಎಂದು ಹೈರಮ್ ಹೇಳಿದರು. ಎರಡು ವಾರದ ಹಿಂದೆ, ಮೇ 26ರಂದು, ಜೋಸೆಫ್ ಅವರೂ ಜನರ ಮುಂದೆ ನಿಂತು, ನನಗೆ ಏಳು ಹೆಂಡಿರು ಎನ್ನುತ್ತಾರೆ, ನನಗೆ ಕಾಣುವುದು ಒಬ್ಬಳೇ ಎಂದಿದ್ದರು.

ಹಾಗಿದ್ದರೆ ಪ್ರೆಸ್ ಒಡೆದದ್ದು ಬರೀ ಗುಟ್ಟು ಮುಚ್ಚುವುದಕ್ಕಾ? ಹಾಗೆ ಸಲೀಸಾಗಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಈ ಪತ್ರಿಕೆಯನ್ನು ಬದುಕಲು ಬಿಡುವುದಕ್ಕಿಂತ ನಾನು ನಾಳೆಯೇ ಸತ್ತರೂ ಇದನ್ನು ಒಡೆಸುವುದು ಮೇಲು, ಇದು ದೊಂಬಿಯನ್ನು ಕೆರಳಿಸಿ ನಮಗೆ ಸಾವು ತರುತ್ತದೆ ಎಂದು ಜೋಸೆಫ್ ನಗರಸಭೆಯಲ್ಲಿ ಹೇಳಿದ್ದು ದಾಖಲಾಗಿದೆ. ಮಿಸೌರಿಯನ್ನು ಕಂಡವರ ಭಯ ಅದು. ಗುಟ್ಟೂ ಭಯವೂ ಒಂದರೊಳಗೊಂದು ಸೇರಿಕೊಂಡಿದ್ದವು.

ಕಾನೂನಿನ ಆಸರೆಗೆ ಇಂಗ್ಲೆಂಡಿನ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಅವರ ಗ್ರಂಥ ತೆಗೆದರು. ಊರಿಗೆ ತೊಂದರೆ ಕೊಡುವ ವಸ್ತುವನ್ನು ಆಡಳಿತ ತೆರವು ಮಾಡಬಹುದು, ಈ ಪತ್ರಿಕೆಯೂ ಅಂಥ ಸಾರ್ವಜನಿಕ ಪೀಡೆ ಎಂದರು. ಬೆಂಜಮಿನ್ ವಾರಿಂಗ್ಟನ್ ಎಂಬ ಸದಸ್ಯರು ಮಾತ್ರ ಅವಸರ ಬೇಡ ಅಂದರು. ಕೆಲವು ದಿನ ಕೊಡಿ, ಮಾನಹಾನಿ ಮಾಡಿದರೆ ಒಂದೊಂದಕ್ಕೂ 3,000 ಡಾಲರ್ ದಂಡ ಹಾಕಿ. ಈ ಸಲಹೆ ಒಪ್ಪಿದ್ದರೆ ಲಾ ಸೋದರರು ಕೋರ್ಟು-ಕಚೇರಿ ಅಲೆಯುತ್ತಿದ್ದರು, ಪತ್ರಿಕೆ ಹಣವಿಲ್ಲದೆ ನಿಂತೇ ಹೋಗುತ್ತಿತ್ತೇನೋ. ಯಾರೂ ಕೇಳಲಿಲ್ಲ.

ಆ ನಗರಸಭೆಯಲ್ಲಿದ್ದ ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ವಿಲಿಯಂ ಡಬ್ಲ್ಯು. ಫೆಲ್ಪ್ಸ್. 1833ರಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್ ಊರಿನಲ್ಲಿ ಮಾರ್ಮನ್ನರ ಪತ್ರಿಕೆ ನಡೆಸುತ್ತಿದ್ದವರು ಅವರೇ. ಆ ವರ್ಷ ಜುಲೈ 20ರಂದು ದೊಂಬಿ ಅವರ ಅಚ್ಚುಕೂಟವನ್ನು ಕೆಡವಿತು, ಯಂತ್ರವನ್ನು ಮಹಡಿಯಿಂದ ಎಸೆಯಿತು. ಬೀದಿಗೆ ಬಿದ್ದ ಧರ್ಮಗ್ರಂಥದ ಹಾಳೆಗಳನ್ನು ಇಬ್ಬರು ಹುಡುಗಿಯರು ಬಾಚಿಕೊಂಡು ಓಡಿ ಜೋಳದ ಹೊಲದಲ್ಲಿ ಅಡಗಿದರು. ಮಾರ್ಮನ್ ಮಕ್ಕಳಿಗೆ ಇಂದಿಗೂ ಹೇಳುವ ಕಥೆ ಅದು. ಅದೇ ಫೆಲ್ಪ್ಸ್ ಹನ್ನೊಂದು ವರ್ಷದ ಮೇಲೆ ನೌವೂವಿನಲ್ಲಿ ಎದ್ದು ನಿಂತು, ಈ ಅಚ್ಚುಕೂಟವನ್ನು ಪೀಡೆ ಎಂದು ಘೋಷಿಸಲು ಸನ್ನದಿನಲ್ಲಿ ನಮಗೆ ಅಧಿಕಾರವಿದೆ ಅಂದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾರ್ಥೇಜ್

ಮುಂದಿನದ್ದು ಬೇಗ ಬೇಗ ನಡೆಯಿತು. ಪಕ್ಕದ ವಾರ್ಸಾ ಊರಿನ 'ವಾರ್ಸಾ ಸಿಗ್ನಲ್' ಪತ್ರಿಕೆಯ ಸಂಪಾದಕ ಥಾಮಸ್ ಶಾರ್ಪ್ ಮೊದಲಿಂದಲೂ ಮಾರ್ಮನ್ನರ ವಿರೋಧಿ. ಪ್ರೆಸ್ ಒಡೆದ ಸುದ್ದಿ ಸಿಕ್ಕಿದ್ದೇ ಜನ ಏಳಬೇಕು, ಉತ್ತರವನ್ನು ಮದ್ದುಗುಂಡಿನಲ್ಲೇ ಕೊಡಬೇಕು ಎಂದು ದಪ್ಪಕ್ಷರದಲ್ಲಿ ಬರೆದರು. ದೊಂಬಿ ಎಬ್ಬಿಸಿದ ಆರೋಪದ ಮೇಲೆ ಸ್ಮಿತ್ ಬಂಧನಕ್ಕೆ ಕಾನ್‌ಸ್ಟೇಬಲ್ ಬಂದರೆ, ನೌವೂವಿನ ಕೋರ್ಟೇ ಅವರನ್ನು ಬಿಡಿಸಿತು. ಪತ್ರಿಕೆ ದೂರಿದ್ದು ಇಂಥದ್ದನ್ನೇ, ಈಗ ಎಲ್ಲರ ಕಣ್ಣೆದುರು ನಡೆಯಿತು. ಜೂನ್ 18ಕ್ಕೆ ಸ್ಮಿತ್ ಊರಿನಲ್ಲಿ ಸೇನಾ ಕಾನೂನು ಘೋಷಿಸಿದರು.

ಗವರ್ನರ್ ಥಾಮಸ್ ಫೋರ್ಡ್ ಜಿಲ್ಲಾ ಕೇಂದ್ರವಾದ ಕಾರ್ಥೇಜ್‌ಗೆ ಬಂದರು. ಪ್ರೆಸ್ ಒಡೆದದ್ದು ಕಾನೂನಿನ ಮೇಲೂ ಜನರ ಸ್ವಾತಂತ್ರ್ಯದ ಮೇಲೂ ಮಾಡಿದ ಘೋರ ದೌರ್ಜನ್ಯ ಎಂದು ನಗರಸಭೆಗೆ ಪತ್ರ ಬರೆದರು. ಇಲಿನಾಯ್‌ನಲ್ಲಿ ಈ ವಿಷಯ ಮೊದಲೇ ಸುಡುತ್ತಿತ್ತು. ಏಳು ವರ್ಷದ ಹಿಂದೆ, 1837ರಲ್ಲಿ, ಇದೇ ರಾಜ್ಯದ ಆಲ್ಟನ್ ಊರಿನಲ್ಲಿ ಗುಲಾಮಗಿರಿ ವಿರೋಧಿ ಸಂಪಾದಕ ಎಲೈಜಾ ಲವ್‌ಜಾಯ್ ತಮ್ಮ ಪ್ರೆಸ್ ಕಾಯುತ್ತಲೇ ದೊಂಬಿಯ ಗುಂಡಿಗೆ ಸತ್ತಿದ್ದರು.

ಸ್ಮಿತ್ ಸೋದರರು ನದಿ ದಾಟಿ ಹೋಗಿದ್ದವರು ಮರಳಿ ಬಂದು ಜೂನ್ 25ಕ್ಕೆ ಶರಣಾದರು. ದೊಂಬಿ ಕೇಸಿನಲ್ಲಿ ಜಾಮೀನು ಸಿಕ್ಕಿತು. ಕೂಡಲೇ ಸೇನಾ ಕಾನೂನು ಘೋಷಿಸಿದ್ದಕ್ಕೆ ರಾಜ್ಯದ್ರೋಹದ ಕೇಸು ಹಾಕಿ ಜೈಲಿಗೆ ಕಳಿಸಿದರು. ಜೂನ್ 27ರ ಸಂಜೆ ಐದರ ಸುಮಾರಿಗೆ ಮುಖಕ್ಕೆ ಬಣ್ಣ ಬಳಿದ ಗುಂಪೊಂದು ಜೈಲಿಗೆ ನುಗ್ಗಿ ಗುಂಡು ಹಾರಿಸಿತು. ಹೈರಮ್ ಸತ್ತರು, ಜೋಸೆಫ್ ಸತ್ತರು. ಜೋಸೆಫ್‌ಗೆ 38 ವರ್ಷ. ಮುಂದಿನ ವರ್ಷ ಶಾರ್ಪ್ ಸೇರಿ ಐವರ ವಿಚಾರಣೆ ನಡೆದು ಐವರೂ ಖುಲಾಸೆಯಾದರು. ಎಕ್ಸ್‌ಪಾಸಿಟರ್‌ನ ಏಳು ಪ್ರಕಾಶಕರಲ್ಲಿ ಒಬ್ಬರೂ ಆ ಐವರಲ್ಲಿರಲಿಲ್ಲ.

1845ರ ಜನವರಿಯಲ್ಲಿ ರಾಜ್ಯದ ಶಾಸನಸಭೆ ನೌವೂ ಸನ್ನದನ್ನು ರದ್ದು ಮಾಡಿತು. ಪತ್ರಿಕೆಯ ಬೇಡಿಕೆಯೊಂದು ಈಡೇರಿತು. ಆ ಹೊತ್ತಿಗೆ ಪತ್ರಿಕೆಯೂ ಇರಲಿಲ್ಲ, ಅದರವರು ಊರಿನಲ್ಲೂ ಇರಲಿಲ್ಲ. 1846ರ ಫೆಬ್ರವರಿಯಲ್ಲಿ, ಸ್ಮಿತ್ ನಂತರ ನಾಯಕರಾದ ಬ್ರಿಗಮ್ ಯಂಗ್ ಹಿಂದೆ ಮಾರ್ಮನ್ನರು ಪಶ್ಚಿಮಕ್ಕೆ ಹೊರಟರು, ಮರುವರ್ಷ ಈಗಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆ ಸೇರಿದರು. ಭಿನ್ನಮತದವರ ಪ್ರಭಾವವನ್ನು ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇದರ ಮುಂದಿನ ಭಾಗವೇ ಹೆಚ್ಚು ಮುಖ್ಯ.

ಸುಳ್ಳೆಂದವರೇ ಸಾಕ್ಷಿ ಹುಡುಕಿದರು

1852ರ ಆಗಸ್ಟ್ 29ರಂದು ಸಾಲ್ಟ್ ಲೇಕ್‌ನಲ್ಲಿ ಸಭೆಯ ಹಿರಿಯ ನಾಯಕ ಆರ್ಸನ್ ಪ್ರ್ಯಾಟ್ ಬಹುಪತ್ನಿತ್ವವನ್ನು ಬಹಿರಂಗವಾಗಿ ಸಾರಿದರು, 1843ರ ದೈವವಾಣಿಯನ್ನು ಜನರ ಮುಂದೆ ಓದಲಾಯಿತು. ಎಂಟು ವರ್ಷದ ಹಿಂದೆ ಯಾವುದನ್ನು ಅಚ್ಚು ಹಾಕಿದ್ದಕ್ಕೆ ಪ್ರೆಸ್ ಒಡೆದರೋ ಅದನ್ನೇ ಈಗ ಸಭೆ ಅಚ್ಚು ಹಾಕಿತು. 1835ರಿಂದ 'ಡಾಕ್ಟ್ರಿನ್ ಅಂಡ್ ಕವೆನಂಟ್ಸ್' ಗ್ರಂಥದಲ್ಲಿದ್ದ, ಒಬ್ಬನಿಗೆ ಒಬ್ಬಳೇ ಹೆಂಡತಿ ಎನ್ನುವ ಭಾಗವನ್ನು 1876ರಲ್ಲಿ ತೆಗೆದು ಈ ದೈವವಾಣಿಯನ್ನು ಸೇರಿಸಿದರು.

ಅಷ್ಟರಲ್ಲಿ ಇನ್ನೊಂದು ಕವಲು ಬಂದಿತ್ತು. ಯೂಟಾಗೆ ಹೋಗದೆ ಉಳಿದ ಮಾರ್ಮನ್ನರು 1860ರಲ್ಲಿ ಸ್ಮಿತ್ ಅವರ ಮಗ ಮೂರನೇ ಜೋಸೆಫ್ ಸ್ಮಿತ್ ಅವರನ್ನು ನಾಯಕರನ್ನಾಗಿ ಮಾಡಿಕೊಂಡು ಬೇರೆ ಸಭೆ ಕಟ್ಟಿದರು. ನಮ್ಮ ತಂದೆ ಬಹುಪತ್ನಿತ್ವ ನಡೆಸಲಿಲ್ಲ, ಅದೆಲ್ಲ ಬ್ರಿಗಮ್ ಯಂಗ್ ಕಟ್ಟಿದ್ದು ಎನ್ನುವುದು ಅವರ ಮಾತು. 1869ರಲ್ಲಿ ಮೂರನೇ ಜೋಸೆಫ್ ಅವರ ತಮ್ಮಂದಿರು ಯೂಟಾಗೇ ಬಂದು ಇದನ್ನು ಬೋಧಿಸಿದರು.

ಅದಕ್ಕೆ ಉತ್ತರ ಕೊಡಲು ಹೊರಟವರು ಜೋಸೆಫ್ ಎಫ್. ಸ್ಮಿತ್, ಹೈರಮ್ ಅವರ ಮಗ. ತಂದೆ ಸತ್ತಾಗ ಐದು ವರ್ಷದ ಹುಡುಗ. ಅವರು ಊರೂರಿನಲ್ಲಿ ಮುದುಕಿಯರನ್ನು, ಮುದುಕರನ್ನು ಹುಡುಕಿ, ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿಕೊಂಡರು: ನಾನು ಜೋಸೆಫ್ ಸ್ಮಿತ್ ಅವರನ್ನು ಇಂಥ ವರ್ಷ ಮದುವೆಯಾದೆ, ನಾನು ಆ ದೈವವಾಣಿ ಓದಿದ್ದನ್ನು ಕೇಳಿದೆ. ಉನ್ನತ ಮಂಡಳಿಯಲ್ಲಿದ್ದ ಡೇವಿಡ್ ಫುಲ್ಮರ್ ಮುಂತಾದವರು, 1843ರ ಆಗಸ್ಟ್ 12ರಂದು ಹೈರಮ್ ಅದನ್ನು ಮಂಡಳಿಗೆ ಓದಿದರು ಎಂದು ಪ್ರಮಾಣ ಮಾಡಿದರು. ಆಸ್ಟಿನ್ ಕೌಲ್ಸ್ ಬರೆದದ್ದು ಇದನ್ನೇ. ಅಂದರೆ ಹೈರಮ್ ನಗರಸಭೆಯಲ್ಲಿ ಅಲ್ಲಗಳೆದದ್ದನ್ನು ನಿಜವೆಂದು ಸಾಬೀತು ಮಾಡುವ ಕೆಲಸ ಅವರ ಮಗನ ಹೆಗಲಿಗೆ ಬಂತು. ಲಾ ದಂಪತಿ ಹಿಡಿದ ಮಾರ್ಗವನ್ನೇ, ಪ್ರಮಾಣಪತ್ರದ ಮಾರ್ಗವನ್ನೇ, ಅವರೂ ಹಿಡಿದರು.

ಆದರೂ ಸಭೆಯ ಅಧಿಕೃತ ಕಥೆಯಲ್ಲಿ ಲಾ ದ್ರೋಹಿಯಾಗಿಯೇ ಉಳಿದರು. ಅವರು ಹೇಳಿದ್ದು ನಿಜ ಎಂದಾದ ಮೇಲೂ ಅವರ ಹೆಸರು ತೊಳೆಯಲಿಲ್ಲ. ಪ್ರವಾದಿಯ ಸಾವಿನ ಭಾರ ಅವರ ಮೇಲಿತ್ತು. ಲಾ ಮತ್ತೆ ಸಭೆ ಕಟ್ಟುವ ಗೋಜಿಗೆ ಹೋಗಲಿಲ್ಲ. ವಿಸ್ಕಾನ್‌ಸಿನ್‌ನ ಶಲ್ಸ್‌ಬರ್ಗ್‌ನಲ್ಲಿ ವೈದ್ಯರಾಗಿ ಬಾಳಿ 1892ರಲ್ಲಿ ತೀರಿಕೊಂಡರು.

ಒಳಗಿಂದಲೇ ಬಂದ ಮರುಪರಿಶೀಲನೆ

1965ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕರೊಬ್ಬರು ಯೂಟಾದ ಕಾನೂನು ನಿಯತಕಾಲಿಕದಲ್ಲಿ ಈ ಪ್ರಕರಣದ ಬಗ್ಗೆ ದೀರ್ಘ ಲೇಖನ ಬರೆದರು. ಹೆಸರು ಡ್ಯಾಲಿನ್ ಎಚ್. ಓಕ್ಸ್. ಸ್ವತಃ ನಿಷ್ಠಾವಂತ ಮಾರ್ಮನ್. 1844ರ ಕಾನೂನನ್ನು ಆ ಕಾಲದ ಕಣ್ಣಿನಿಂದಲೇ ನೋಡಬೇಕು ಎಂದು ಅವರು ಶುರು ಮಾಡುತ್ತಾರೆ. ಪತ್ರಿಕೆಯ ಪ್ರತಿಗಳನ್ನು ನಾಶ ಮಾಡಿದ್ದಕ್ಕೆ ಅಂದಿನ ಕಾನೂನಿನಲ್ಲಿ ಆಧಾರ ತೋರಿಸಬಹುದು. ಆದರೆ ಯಂತ್ರವನ್ನೇ ಒಡೆದದ್ದಕ್ಕೆ ಆಧಾರವಿಲ್ಲ. ನಗರಸಭೆಯ ಪರ ಸಹಾನುಭೂತಿ ಇಟ್ಟುಕೊಂಡು ಬರೆದ ಲೇಖನವೇ ಹೀಗೆ ತೀರ್ಮಾನಕ್ಕೆ ಬಂದದ್ದು ಸಣ್ಣ ಮಾತಲ್ಲ. ಅದೇ ಓಕ್ಸ್ 2025ರಲ್ಲಿ ಸಭೆಯ ಅಧ್ಯಕ್ಷರಾದರು.

2014ರ ಅಕ್ಟೋಬರಿನಲ್ಲಿ ಸಭೆ ನೌವೂ ಕಾಲದ ಬಹುಪತ್ನಿತ್ವದ ಬಗ್ಗೆ ತನ್ನದೇ ಅಧಿಕೃತ ಪ್ರಬಂಧ ಹೊರತಂದಿತು. ಜೋಸೆಫ್ ಸ್ಮಿತ್ ಅವರ ಹೆಂಡಿರ ಸಂಖ್ಯೆ 30ರಿಂದ 40ರ ನಡುವೆ ಎಂಬ ಎಚ್ಚರದ ಅಂದಾಜನ್ನು ಅದರ ಟಿಪ್ಪಣಿಯೊಂದರಲ್ಲಿ ಕೊಟ್ಟಿದೆ. ಎಷ್ಟೋ ಕುಟುಂಬಗಳಿಗೆ ಇದು ಆಘಾತ. ಮನೆಯಲ್ಲಿ, ಭಾನುವಾರದ ಪಾಠದಲ್ಲಿ ಅವರು ಕೇಳಿದ್ದೇ ಬೇರೆ. 2016ರಲ್ಲಿ ಸ್ಮಿತ್ ಕಾಲದ 'ಕೌನ್ಸಿಲ್ ಆಫ್ ಫಿಫ್ಟಿ' ಎಂಬ ಗುಪ್ತ ಮಂಡಳಿಯ ನಡವಳಿಗಳನ್ನೂ ಸಭೆಯೇ ಪ್ರಕಟಿಸಿತು. 1844ರ ಏಪ್ರಿಲ್‌ನಲ್ಲಿ ಆ ಮಂಡಳಿ ಸ್ಮಿತ್ ಅವರನ್ನು ಪ್ರವಾದಿ, ಯಾಜಕ, ರಾಜ ಎಂದು ಸ್ವೀಕರಿಸಿದ್ದು ಅಲ್ಲಿದೆ. ಮನುಷ್ಯನನ್ನು ರಾಜನೆಂದು ಒಪ್ಪೆವು ಎಂಬ ಎಕ್ಸ್‌ಪಾಸಿಟರ್ ನಿರ್ಣಯ ಎಲ್ಲಿಂದ ಬಂತು ಎಂದು 172 ವರ್ಷದ ಮೇಲೆ ಎಲ್ಲರೂ ಓದಬಹುದಾಯಿತು.

ಇದರಿಂದ ಲಾ ಹೇಳಿದ್ದೆಲ್ಲ ಸರಿ ಎಂದಾಗುವುದಿಲ್ಲ. ಸ್ಮಿತ್ ಅವರ ಮನಸ್ಸಿನಲ್ಲಿ ಏನಿತ್ತು ಎನ್ನುವುದರ ಬಗ್ಗೆ ಪತ್ರಿಕೆ ಹೇಳಿದ್ದು ಎದುರಾಳಿಯ ಊಹೆ. ಆ ಹೆಂಗಸರಲ್ಲಿ ಹಲವರು ಮುಂದೆ ತಾವು ಪ್ರಾರ್ಥನೆ ಮಾಡಿ, ನಂಬಿ ಒಪ್ಪಿದ್ದಾಗಿ ಹೇಳಿದ್ದಾರೆ. ಅವರ ಮಾತಿಗೂ ತೂಕ ಕೊಡಬೇಕು. ಆದರೆ ಕಾಗದ ಇತ್ತೇ, ಅದರಲ್ಲಿ ಏನಿತ್ತು ಎನ್ನುವ ಪ್ರಶ್ನೆಯಲ್ಲಿ ಲಾ, ಜೇನ್, ಕೌಲ್ಸ್ ಮೂವರೂ ನಿಂತರು.

ಈಚಿನ ವರ್ಷಗಳಲ್ಲಿ ಇನ್ನೊಂದು ತಿರುವು ಬಂದಿದೆ. ಸ್ಮಿತ್ ಮೇಲಿನ ಭಕ್ತಿಯಿಂದಲೇ ಸಭೆಯೊಳಗಿನ ಕೆಲವರು ಮತ್ತೆ ಹಳೆಯ ವಾದ ಎತ್ತಿದ್ದಾರೆ: ಜೋಸೆಫ್ ಒಬ್ಬಳೇ ಹೆಂಡತಿಯವರು, 132ನೇ ಅಧ್ಯಾಯ ಆಮೇಲೆ ಯೂಟಾದಲ್ಲಿ ಕಟ್ಟಿದ್ದು, 1869ರ ಪ್ರಮಾಣಪತ್ರಗಳು ಬ್ರಿಗಮ್ ಯಂಗ್ ಕಡೆಯವರು ಬರೆಸಿದ್ದು. ಈ ವಾದಕ್ಕೆ ಅಡ್ಡ ಬರುವುದು ಆ ನಾಲ್ಕು ಪುಟ. ಅದು 1844ರ ಜೂನ್ 7ರಂದು, ಸ್ಮಿತ್ ಬದುಕಿದ್ದಾಗಲೇ ಅಚ್ಚಾಯಿತು. ಬರೆದವರು ಬ್ರಿಗಮ್ ಯಂಗ್ ಕಡೆಯವರಲ್ಲ. ಹತ್ತು ಹೆಂಡಿರು, ದಾವೀದ, ಊರೀಯ, ನಿರಪರಾಧಿಯ ರಕ್ತ, ಎಲ್ಲವೂ ಅಲ್ಲಿವೆ, 1852ಕ್ಕೆ ಎಂಟು ವರ್ಷ ಮೊದಲೇ. ಹೀಗಾಗಿ ದೈವವಾಣಿ ಸ್ಮಿತ್ ಅವರದೇ ಎಂದು ಎತ್ತಿಹಿಡಿಯುವ ನಿಷ್ಠಾವಂತ ಇತಿಹಾಸಕಾರರು ಇಂದು ಮುಂದಿಡುವ ಸಾಕ್ಷಿಗಳಲ್ಲಿ ವಿಲಿಯಂ ಮತ್ತು ಜೇನ್ ಲಾ ಅವರ ಪ್ರಮಾಣಪತ್ರಗಳೂ ಇವೆ.